ಕೂಸು ಆರಿಸಿದ ಗಾಲಿ

1962ರ ಬೇಸಿಗೆ ಮುಗಿಯುತ್ತ ಬಂದಿತ್ತು. ನಿಮ್ಮ ಅಜ್ಜ ಹೊಸ ಸವಾರಿ ಬಂಡಿ ಮಾಡಿಸುತ್ತಿದ್ದರು. ಹೇರು ತುಂಬುವ ಬಂಡಿಯಲ್ಲ, ಮಂದಿ ಕೂತು ಹೋಗುವ ಹಗುರಾದ ಬಂಡಿ. ಈಗ ನಿಮಗೆ ಮೋಟಾರ್ ಸೈಕಲ್ಲಿನ ಹುಚ್ಚು ಇರುವ ಹಾಗೆ ಅವರಿಗೆ ಆಗ ಅದರ ಹುಚ್ಚು.

ನಾವಿದ್ದದ್ದು ಹಾನಗಲ್ ಹತ್ತಿರದ ಹಳ್ಳಿಯಲ್ಲಿ. ನನ್ನ ತವರು ಸವಣೂರಿನ ಆಚೆ, ಅಂಟುವ ಕಪ್ಪು ಎರೆಮಣ್ಣಿನ ಸೀಮೆ. ಅಪ್ಪ ತೀರಿಕೊಂಡಿದ್ದ, ನನಗೆ ಅಣ್ಣತಮ್ಮಂದಿರಿಲ್ಲ. ಹೀಗಾಗಿ ಶ್ರಾವಣದ ನಾಗರಪಂಚಮಿಗೆ ನನ್ನನ್ನು ತವರಿಗೆ ಕರೆಯಲು ಯಾರೂ ಬರುತ್ತಿರಲಿಲ್ಲ. ಅವ್ವನ ಕಣ್ಣು ಮಂಜಾಗುತ್ತ ನಡೆದಿತ್ತು, ಡಾಕ್ಟರು ಇದಕ್ಕೆ ಔಷಧವಿಲ್ಲ ಎಂದಿದ್ದರು. ಆಕೆಗೆ ಆಗುವುದಿಲ್ಲವೆಂದು ನನ್ನ ಬಾಣಂತನವೂ ಅತ್ತೆಯ ಮನೆಯಲ್ಲೇ ಆಯಿತು. ಆ ಬೇಸಿಗೆಯಲ್ಲಿ ತವರೂರಿನವರೊಬ್ಬರು ಬಂದು, "ನಿಮ್ಮವ್ವ ಹೇಳಿ ಕಳಿಸ್ಯಾಳ. ಕಣ್ಣು ಪೂರಾ ಹೋಗೂದರಾಗ ಕೂಸಿನ ಮಾರಿ ನೋಡಬೇಕು, ಒಮ್ಮೆ ಕರಕೊಂಡು ಬಾ ಅಂತ" ಎಂದರು. ಆ ಕೂಸು ನಿಮ್ಮ ಅವ್ವ.

ಒಂದು ದಿನ ಬಡಿಗೇರ ಮೌನಪ್ಪ ಗಾಲಿಯ ಅಳತೆ ಕೇಳಲು ಬಂದು ಕಟ್ಟೆಯ ಮೇಲೆ ಕುಳಿತ. ನನ್ನ ಮಾವ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನಾನು ಬಾಗಿಲ ಮರೆಯಲ್ಲಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ.

"ಗಾಲಿ ಸಣ್ಣವಿರಲಿ, ಸುತ್ತಿನ ಕಬ್ಬಿಣದ ಹಳಿ ತೆಳ್ಳಗಿರಲಿ" ಎಂದರು ನಿಮ್ಮ ಅಜ್ಜ. "ಹಾನಗಲ್ ಸಂತಿಗೆ ಹೊಂಟ್ರ ಯಾವನ ಬಂಡೀನೂ ನಮ್ಮ ಮುಂದ ಇರಬಾರದು."

"ಬ್ಯಾಸಗಿಗೆ ಗಾಳಿ ಹಂಗ ಓಡತಾವ್ರಿ. ಮಳಿಗಾಲಕ್ಕ?"

"ಮಳಿಗಾಲದಾಗ ಯಾರು ಸವಾರಿ ಹೊಂಡತಾರೋ ಮಾರಾಯಾ?"

ಮಾವ ತಲೆಯಾಡಿಸಿದರು. "ಸೊಸೀನ ದೀಪಾವಳಿಗೆ ಕಳಿಸಿದ್ರಾತು. ಶ್ರಾವಣದಾಗ ಆ ಎರಿ ದಾರಿ ಎತ್ತಿನ ಜೀವಾನ ತಗೋತೈತಿ."

ದೀಪಾವಳಿಯ ಹೊತ್ತಿಗೆ ಅವ್ವನಿಗೆ ಏನು ಕಾಣುತ್ತದೋ ಏನೋ. ಆದರೆ ಸೊಸೆ ಮಾವನೆದುರು ಬಾಯಿ ಬಿಡುವ ಕಾಲ ಅದಲ್ಲ. ಅಂಥ ಹೊತ್ತಿಗೆ ನಮ್ಮ ಕಡೆ ಹೆಣ್ಣುಮಕ್ಕಳು ತೊಡೆಯ ಮೇಲಿನ ಕೂಸಿನ ಜೊತೆ ಮಾತಾಡುತ್ತಿದ್ದರು. ನಾನೂ ಕೂಸನ್ನು ತಟ್ಟುತ್ತ, ಹೊರಗೆ ಕೇಳುವಷ್ಟು ದನಿ ಮಾಡಿ ಹೇಳಿದೆ: "ನಿಮ್ಮ ಆಯಿ ಊರಾಗ, ನನ್ನ ತವರಾಗ, ಒಂದ ಬಂಡಿಗೆ ಎರಡು ಜೋಡಿ ಗಾಲಿ ಇರತಾವವ್ವಾ. ಬ್ಯಾಸಗಿಗೆ ಸಣ್ಣವು, ಮಳಿಗಾಲಕ್ಕ ಎತ್ತರದವು. ಹಳಿ ಅಗಲ ಇದ್ರ ರಾಡ್ಯಾಗ ಇಳ್ಯಂಗಿಲ್ಲ."

ಕಟ್ಟೆಯ ಮೇಲಿದ್ದ ಮಾವ ಕೆಮ್ಮಿ, ಅವರೂ ಕೂಸನ್ನೇ ಕೇಳಿದರು: "ಅಲ್ಲವ್ವಾ ಸಣ್ಣಾಕಿ, ಹಗೂರ ಬಂಡಿಗೆ ಎತ್ತರದ ಗಾಲಿ ಹಾಕಿದ್ರ ಉಳ್ಳಿ ಬೀಳಂಗಿಲ್ಲೇನ?"

"ಓಡಿಸಿದ್ರ ಉಳ್ಳತೈತಿ ಅಜ್ಜಾ. ಮಳ್ಯಾಗ ಯಾರು ಓಡಸ್ತಾರ? ನಡಸ್ಕೋತ ಹೋಗೂದು" ಎಂದೆ, ಕೂಸಿನ ಪರವಾಗಿ.

"ಕೂಸು ಭಾಳ ಶಾಣ್ಯಾ ಆಗೈತಿ!" ಎಂದು ನಿಮ್ಮ ಅಜ್ಜ ಮುಖ ಊದಿಸಿಕೊಂಡರು.

ಮೌನಪ್ಪ ನಕ್ಕ. "ಹೊಸಾವು ಯಾಕ್ರಿ? ನಿಮ್ಮ ಹೇರಿನ ಬಂಡಿ ಗಾಲಿ ಅದಾವಲ್ಲ. ಅವಕ್ಕೂ ಹೊಂದೂ ಹಂಗ ಅಚ್ಚು ಮಾಡತೇನಿ. ಸಣ್ಣವು ಬಿಚ್ಚೂದು, ದೊಡ್ಡವು ಏರಸೂದು."

ಮಾವ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಪಂಚಮಿ ಹತ್ತಿರ ಬರುವವರೆಗೂ ನಾನು ಅವರ ಮುಖ ನೋಡಿ ನೋಡಿ ಸಾಕಾದೆ. ಕಡೆಗೆ ಒಂದು ಮುಂಜಾನೆ ಅವರೇ ಅಂಗಳದಲ್ಲಿ ನಿಂತು ಗಾಲಿ ಬದಲಿಸಿದರು. "ನಾನೂ ಬರತೇನಿ. ಇವನ ಕೈಯಾಗ ಬಂಡಿ ಕೊಟ್ರ ಓಡಸ್ತಾನ" ಎಂದರು.

ಬಂಡಿಯ ಅಂದ ಏನು ಹೇಳಲಿ! ಕೊಕ್ಕರೆಯ ಕಾಲಿಗೆ ಗುಬ್ಬಿಯ ಮೈ ಅಂಟಿಸಿದಂತಿತ್ತು. ಓಣಿಯ ಮಂದಿ ಬಾಗಿಲಿಗೆ ಬಂದು, "ಏನ್ರೀ ಗೌಡ್ರ, ಹತ್ತಾಕ ನಿಚ್ಚಣಿಕಿ ಇಟ್ಟೀರಿಲ್ಲೋ?" ಎಂದು ನಕ್ಕರು. ನಿಮ್ಮ ಅಜ್ಜ ರುಮಾಲನ್ನು ಹುಬ್ಬಿನವರೆಗೆ ಎಳೆದುಕೊಂಡು ಕೂತರು.

ಬಂಕಾಪುರದಲ್ಲಿ ನೆಂಟರ ಮನೆಯಲ್ಲಿ ಉಳಿದು ಮರುದಿನ ಹೊರಟೆವು. ಸವಣೂರು ದಾಟಿದ ಮೇಲೆ ಎರೆಯ ದಾರಿ ಶುರುವಾಯಿತು. ಹಿಂದಿನ ದಿನವಷ್ಟೇ ಮಳೆ ಹೊಡೆದು ನಿಂತಿತ್ತು. ದಾರಿಯಲ್ಲಿ ಒಂದು ಚೆಂದದ ಸಣ್ಣ ಗಾಲಿಯ ಬಂಡಿ ಹೊಟ್ಟೆಯವರೆಗೆ ಹೂತು ನಿಂತಿತ್ತು, ಬಂಡಿಯವರು ಎತ್ತು ಬಿಚ್ಚಿ ದಿಬ್ಬದ ಮೇಲೆ ಕೂತಿದ್ದರು. ನಮ್ಮದು ಅದರ ಪಕ್ಕದಲ್ಲೇ ನಿಧಾನವಾಗಿ ದಾಟಿತು. ನಿಮ್ಮ ಅಜ್ಜ ರುಮಾಲನ್ನು ಸ್ವಲ್ಪ ಮೇಲೇರಿಸಿಕೊಂಡರು.

ಅಷ್ಟಕ್ಕೇ ಮುಗಿಯಲಿಲ್ಲ. ತವರೂರಿನ ಗಿಡಗಳು ಕಾಣುವಷ್ಟು ಹತ್ತಿರ ಬಂದಾಗ ಎತ್ತು ನಿಂತುಬಿಟ್ಟವು. ಎಷ್ಟು ಹುರಿದುಂಬಿಸಿದರೂ ಕದಲಲಿಲ್ಲ. "ಎತ್ತು ಸೋತಾವು. ತಿರುಗಿ ಸವಣೂರಿಗೆ ಹೋಗೂಣು" ಎಂದರು ಮಾವ. ನಿಮ್ಮ ಅಜ್ಜ ಬಾರುಕೋಲು ಎತ್ತಿದರು.

ನಾನು ಹೊರಗೆ ಬಗ್ಗಿ ನೋಡಿದೆ. ಗಾಲಿಯ ಕಡ್ಡಿಗಳ ನಡುವೆ ಮಣ್ಣು ಮೆತ್ತಿ ಮೆತ್ತಿ, ಗಾಲಿ ಬೀಸುಕಲ್ಲಿನಂತೆ ಗಟ್ಟಿಯಾಗಿತ್ತು. ನಮ್ಮೂರಲ್ಲಿ ಇದು ಸಣ್ಣ ಮಕ್ಕಳಿಗೂ ಗೊತ್ತು. ಕೂಸಿಗೆ ಹೇಳೋಣವೆಂದು ನೋಡಿದರೆ ಅದು ಬಾಯಲ್ಲಿ ಬೆರಳಿಟ್ಟುಕೊಂಡು ಗಾಢ ನಿದ್ದೆಯಲ್ಲಿತ್ತು. ಬಾರುಕೋಲು ಮೇಲೇರಿತ್ತು. ನನಗೆ ಅರಿವಿಲ್ಲದೆ ಬಾಯಿಂದ ಬಂದೇಬಿಟ್ಟಿತು:

"ಮಾವಾರ, ಹೊಡೀಬ್ಯಾಡಂತ ಹೇಳ್ರಿ! ಎತ್ತು ಸೋತಿಲ್ಲ, ಗಾಲಿಗೆ ರಾಡಿ ತುಂಬೈತಿ. ಕೋಲಿನಿಂದ ಕೆರದ್ರ ತಾವ ಹೊಂಡತಾವು."

ಹೇಳಿದ ಮೇಲೆ ಸೆರಗನ್ನು ಮುಖದ ತುಂಬ ಎಳೆದುಕೊಂಡು ಕುಳಿತೆ. ಹೊರಗೆ ಮಣ್ಣು ಕೆರೆಯುವ ಸಪ್ಪಳ ಕೇಳಿತು. ಮಾವ ಧೋತರ ಮೇಲೆ ಕಟ್ಟಿ ಒಂದು ಗಾಲಿಗೆ, ನಿಮ್ಮ ಅಜ್ಜ ಇನ್ನೊಂದಕ್ಕೆ ನಿಂತಿದ್ದರು. ಮಣ್ಣು ಹೆಂಟೆ ಹೆಂಟೆಯಾಗಿ ಬಿದ್ದಿತು. ಎತ್ತು ತಾವಾಗಿಯೇ ಹೆಜ್ಜೆ ಕಿತ್ತವು.

ಬಂಡಿ ಹತ್ತಿದ ಮಾವ ಮಲಗಿದ್ದ ಕೂಸನ್ನು ನೋಡಿ, "ಇದು ಮಲಗೇತಿ. ಹಂಗಾರ ಈಗ ಮಾತಾಡಿದವರು ಯಾರು?" ಎಂದರು. ನಿಮ್ಮ ಅಜ್ಜ ಆಚೆ ತಿರುಗಿ ನಕ್ಕರು. ನಾನು ಅತ್ತೇಬಿಡುತ್ತಿದ್ದೆ. ಆದರೆ ಮಾವನ ದನಿ ಮೆತ್ತಗಿತ್ತು. "ಇನ್ನ ಮ್ಯಾಲ ಕೂಸಿನ ನಿದ್ದಿ ಕೆಡಸಬ್ಯಾಡವ್ವಾ. ಏನಿದ್ರೂ ನೀನ ಹೇಳು."

ಅವ್ವ ಊರ ಅಗಸೆ ಬಾಗಿಲ ಹತ್ತಿರವೇ ನಿಂತಿದ್ದಳು. ಗಾಲಿಯ ಸಪ್ಪಳಕ್ಕೆ ಬಂದಿದ್ದಳಂತೆ. ಕೂಸನ್ನು ಇಸಿದುಕೊಂಡು ಬೆಳಕಿಗೆ ಹಿಡಿದು, ತನ್ನ ಮುಖದ ಹತ್ತಿರ ತಂದು, ಈ ಕಡೆ ಆ ಕಡೆ ಹೊರಳಿಸಿ ನೋಡಿದಳು. "ಮೂಗು ನಿಮ್ಮಪ್ಪಂದು" ಎಂದಳು ನನ್ನ ಕಡೆ ತಿರುಗಿ. "ಕಾಣತೈತಿ, ಛಲೋತ್ನ್ಯಾಗ ಕಾಣತೈತಿ." ಆ ಸಲ ಪಂಚಮಿಯ ಜೋಕಾಲಿಯಲ್ಲಿ ಅವ್ವನೇ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು, ನಾನು ತೂಗಿದೆ.

ಇಂದಿಗೂ ನಾಲ್ಕು ಮಂದಿಯ ಎದುರು ಮಾತಾಡಬೇಕೆಂದರೆ ನನ್ನ ನಾಲಿಗೆ ಒಣಗುತ್ತದೆ. ಆಗೆಲ್ಲ ಮಾವನನ್ನು ನೆನೆಯುತ್ತೇನೆ. ಅವರು ಇರುವವರೆಗೂ ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ಅಂಗಳದಲ್ಲಿ ನಿಂತು ಕೂಗುತ್ತಿದ್ದರು: "ಗಾಲಿ ಬದಲಸೂಣೇನವ್ವಾ?" ನಾನು ಒಳಗಿಂದ "ಹೂಂ ರೀ" ಎನ್ನುವವರೆಗೆ ಅವರು ಬಂಡಿಗೆ ಕೈ ಹಚ್ಚುತ್ತಿರಲಿಲ್ಲ.