ಕೆಲಸವಿಲ್ಲದ ಕ್ಯಾಪ್ಟನ್

ಕಠ್ಮಂಡುವಿನ ವಿಮಾನ ನಿಲ್ದಾಣದ ಪಕ್ಕದ ಸಿನಾಮಂಗಲದಲ್ಲಿ ಪ್ರಬಿನ್ ಮಹರ್ಜನನನ್ನು ಎಲ್ಲರೂ ಕರೆಯುವುದು ಕ್ಯಾಪ್ಟನ್ ಎಂದೇ. ಪೈಲಟ್ ಲೈಸೆನ್ಸ್ ಬಂದು ಮೂರು ವರ್ಷವಾದರೂ ಕೆಲಸ ಮಾತ್ರ ಬಂದಿಲ್ಲ. ಚಹಾದಂಗಡಿಯಲ್ಲಿ ಕೂತು ಸದ್ದು ಕೇಳಿಯೇ ವಿಮಾನ ಯಾವುದೆಂದು ಹೇಳುತ್ತಾನೆ, ಯಾರೋ ಒರಟಾಗಿ ಇಳಿಸಿದರೆ ತನ್ನದೇ ತಪ್ಪೆಂಬಂತೆ ನಾಚುತ್ತಾನೆ. ತಾವು ಹಾರಿಸುವ ಮಾದರಿಯ ವಿಮಾನದ ತರಬೇತಿಯನ್ನು ಸ್ವಂತ ಖರ್ಚಿನಲ್ಲೇ ಮುಗಿಸಿ ಬಾ, ಆಮೇಲೆ ನೋಡೋಣ ಎನ್ನುತ್ತವೆ ಕಂಪನಿಗಳು. “ಯಾವ ವಿಮಾನ ಅಂತ ಕಲೀಲಿ? ಒಂದನ್ನ ಕಲಿತ್ರೆ ಇನ್ನೊಂದಕ್ಕೆ ಕರೀತಾರೆ. ಕೆಲಸ ಕೊಟ್ಟೋರೇ ಕಲಿಸ್ಲಿ,” ಎಂಬುದು ಅವನ ನಿತ್ಯದ ವಾದ. ಮೊನ್ನೆ ತಾಯಿ ಆ ತರಬೇತಿಯ ಖರ್ಚಿಗೆಂದು ತಾನು ತರಕಾರಿ ಬೆಳೆಯುವ ಹೊಲವನ್ನು ಮಾರುವ ಮಾತೆತ್ತಿದಳು. “ಹೊಲ ಹೋದ್ರೆ ದಿನವೆಲ್ಲ ಏನ್ಮಾಡ್ತೀಯ ಆಮಾ?” ಎಂದ. “ಮೇಲೆ ನೋಡ್ಕೊಂಡು ಕೂತಿರ್ತೀನಿ ಬಿಡು, ನೀನು ಹೋಗ್ತಿರ್ತೀಯಲ್ಲ,” ಎಂದಳು. ಮರುದಿನ ತಾಯಿ ಹೇಳಿಕಳಿಸಿ ಹೊಲ ನೋಡಲು ಬಂದ ದಲ್ಲಾಳಿಯನ್ನು ಬದುವಿನ ಮೇಲೇ ತಡೆದು, “ಇದು ಮಾರೋಕಿಲ್ಲ ಅಣ್ಣ,” ಎಂದ ಪ್ರಬಿನ್.