ಆಗಸ್ಟ್ ತಿಂಗಳು ಸೊನ್ನೆಯಾದದ್ದು

ಯಲಹಂಕದಲ್ಲಿ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. 2009ರ ಹೊತ್ತಿಗೆ ಟೈಪ್‌ರೈಟರ್‌ಗಳ ಜಾಗಕ್ಕೆ ಆರು ಕಂಪ್ಯೂಟರ್ ಬಂದವು, ಬೋರ್ಡಿನ ಮೇಲೆ ‘ವೆಬ್ ಡಿಸೈನ್’ ಎಂದು ಸೇರಿಸಿದೆ. ಎಸ್ಸೆಸ್ಸೆಲ್ಸಿ ಓದಿದ ನನಗೆ ಜಾವಾಸ್ಕ್ರಿಪ್ಟ್ ಎಷ್ಟು ಗೊತ್ತಿತ್ತು ಎಂದರೆ, ವಿದ್ಯಾರ್ಥಿಗಳಿಗಿಂತ ಒಂದು ಪಾಠ ಮುಂದೆ. ಅವರಲ್ಲಿ ಯಾರಾದರೂ ಭಾನುವಾರ ಪುಸ್ತಕ ಓದಿಕೊಂಡು ಬಂದರೆ ಅದೂ ಇಲ್ಲ.

ಸಂಜೆ ಬ್ಯಾಚಿಗೆ ಪಾಠ ಹೇಳಲು ಒಬ್ಬರು ಮೇಡಂ ಇದ್ದರು. ಆರ್.ಟಿ. ನಗರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮನೆಯಲ್ಲಿ ಉರ್ದು, ನಮ್ಮೊಂದಿಗೆ ನನಗಿಂತ ಅಚ್ಚುಕಟ್ಟಾದ ಕನ್ನಡ. ಹುಣಸಮಾರನಹಳ್ಳಿ ಕಡೆಯ ಒಂದು ಶಾಲೆಯಲ್ಲಿ ಕಂಪ್ಯೂಟರ್ ಟೀಚರ್ ಕೆಲಸಕ್ಕೆ ಅರ್ಜಿ ಹಾಕಿದ್ದರು. ಆ ಶಾಲೆ ನಡೆಸುತ್ತಿದ್ದವರಿಗೆ ಒಂದು ಕಲ್ಯಾಣ ಮಂಟಪವೂ ಇತ್ತು. ಅದಕ್ಕೆ ನಾವೇ ವೆಬ್ ಪುಟ ಮಾಡಿಕೊಟ್ಟಿದ್ದೆವು: ತಾರೀಖು ಹಾಕಿದರೆ ಮಂಟಪ ಖಾಲಿ ಇದೆಯೋ ಇಲ್ಲವೋ ಹೇಳಬೇಕು. ಕೋಡ್ ನನ್ನದು, ಬುಕ್ ಆದ ದಿನಗಳನ್ನು ತುಂಬಿಸುವುದು ಮೇಡಂ ಕೆಲಸ.

ಜುಲೈವರೆಗೆ ಎಲ್ಲ ಸರಿಯಿತ್ತು. ಶ್ರಾವಣದ ಮದುವೆಗಳು ಬಂದವು ನೋಡಿ, ಆಗಸ್ಟಿನ ಯಾವ ದಿನ ಕೇಳಿದರೂ ಪುಟ ‘ಖಾಲಿ ಇದೆ’ ಎನ್ನತೊಡಗಿತು. ಒಂದೇ ಮುಹೂರ್ತಕ್ಕೆ ಎರಡು ಮನೆಯವರು ಬಂದು ನಿಂತರು. ಮಂಟಪದ ಯಜಮಾನರು ನೇರ ನನ್ನ ಬಳಿ ಬಂದರು.

“ಏನ್ ಮೇಷ್ಟ್ರೇ, ಇಂಗಾ ಮಾಡೋದು? ಎರಡು ಜೋಡೀನ ಒಂದೇ ಹಸೆ ಮೇಲೆ ಕೂರಿಸ್ಲಾ?”

ಟೈಪಿಂಗ್ ಕಲಿಸುವವರಲ್ಲಿ ಒಂದು ರೂಢಿ ಇದೆ: ತಪ್ಪು ಯಾವಾಗಲೂ ಬೆರಳಿನದು, ಯಂತ್ರದ್ದಲ್ಲ, ಮೇಷ್ಟರದ್ದಂತೂ ಅಲ್ಲವೇ ಅಲ್ಲ. ನನ್ನ ಬಾಯಿಂದ ಅದೇ ಬಂತು. “ಮೇಡಂ ಟೈಪ್ ಮಾಡೋವಾಗ ತಪ್ಪಿರ್ಬೇಕು ಯಜಮಾನ್ರೇ.”

ಮೇಡಂ ಪಕ್ಕದಲ್ಲೇ ನಿಂತಿದ್ದರು. ಯಜಮಾನರು ಹೋದ ಮೇಲೆ ಪಟ್ಟಿಯನ್ನೆಲ್ಲ ಎರಡು ಸಲ ಹೊಸದಾಗಿ ಟೈಪ್ ಮಾಡಿ, “ಸರ್, ಆಗಸ್ಟ್, ಸೆಪ್ಟೆಂಬರ್ ಎರಡೇ ಯಾಕೆ ಕೆಡ್ತಿದೆ? ಅಕ್ಟೋಬರ್ ಚೆನ್ನಾಗಿದೆಯಲ್ಲ?” ಎಂದರು.

“ಗಮನ ಕೊಟ್ಟು ಟೈಪ್ ಮಾಡಿ” ಎಂದೆ.

ಮರುದಿನ ಪುಸ್ತಕ ತಿರುವಿದಾಗ ಗೊತ್ತಾಯಿತು. ಟೈಪಿಂಗ್ ಪರೀಕ್ಷೆಯ ಶಿಸ್ತಿನವನು ನಾನು. ಆಗಸ್ಟ್ ಎಂದರೆ 8 ಅಲ್ಲ, 08 ಎಂದೇ ಹಾಕಬೇಕೆಂದು ಪುಟದಲ್ಲಿ ತಾರೀಖು ಕೇಳುವವರಿಗೂ ಕಡ್ಡಾಯ ಮಾಡಿದ್ದೆ. ಆ ತಿಂಗಳನ್ನು ಸಂಖ್ಯೆಯಾಗಿಸಲು ಪಾರ್ಸ್‌ಇಂಟ್ ಎಂಬ ಆಜ್ಞೆ ಬಳಸಿದ್ದೆ. ಮುಂದೆ ಸೊನ್ನೆ ಕಂಡರೆ ಆಗಿನ ಬ್ರೌಸರ್‌ಗಳು ಅದನ್ನು ಎಂಟರ ಲೆಕ್ಕ ಎಂದುಕೊಳ್ಳುತ್ತಿದ್ದವು. ಆ ಲೆಕ್ಕದಲ್ಲಿ ಅಂಕಿಗಳು ಏಳಕ್ಕೇ ಮುಗಿಯುತ್ತವೆ. ಹಾಗಾಗಿ 07 ಏಳೇ. 08, 09 ಮಾತ್ರ ಸೊನ್ನೆ. ಸೊನ್ನೆಯ ತಿಂಗಳಲ್ಲಿ ಯಾರು ಮದುವೆಯಾಗುತ್ತಾರೆ? ಮಂಟಪ ಖಾಲಿಯೇ! ಮದ್ದು ಸುಲಭ: ಆಜ್ಞೆಯ ಆವರಣದೊಳಗೆ, ಕೊನೆಗೆ, ಅಲ್ಪವಿರಾಮ ಹಾಕಿ 10 ಎಂದು ಬರೆದರೆ ಹತ್ತರ ಲೆಕ್ಕದಲ್ಲೇ ಓದುತ್ತದೆ. ಈಗಿನ ಬ್ರೌಸರ್‌ಗಳು ತಿದ್ದಿಕೊಂಡಿವೆ, ಆದರೂ ಕಲಿಯುವವರು ಆ ಹತ್ತನ್ನು ಬಿಡಬೇಡಿ.

ನಾನೂ ಬರೆದೆ. ಯಾರಿಗೂ ಹೇಳಲಿಲ್ಲ. ಶಾಲೆಯ ಕೆಲಸ ಬೇರೆಯವರ ಪಾಲಾಯಿತು. ತಾರೀಖು ಹಾಕಲು ಬರದವರು ಮಕ್ಕಳಿಗೇನು ಕಲಿಸುತ್ತಾರೆ ಎಂದರಂತೆ ಯಜಮಾನರು.

ಮುಂದಿನ ಬೇಸಿಗೆಯವರೆಗೆ ಸುಮ್ಮನಿದ್ದೆ. ಒಂದು ಮಧ್ಯಾಹ್ನ ತಡೆಯಲಾಗದೆ ಮೇಡಂ ಮುಂದೆ ಒಪ್ಪಿಕೊಂಡೆ. ಅವರು ಊಟದ ಡಬ್ಬಿ ಮುಚ್ಚುತ್ತ ನಕ್ಕರು.

“ಗೊತ್ತು ಸರ್. ನೀವು ಹತ್ತು ಸೇರಿಸಿದ ದಿನವೇ ನೋಡ್ದೆ. ಪುಟದ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಕೋಡೆಲ್ಲ ಕಾಣುತ್ತಲ್ಲ. ಬ್ರೌಸರ್‌ನಲ್ಲಿ ಏನ್ ಬಚ್ಚಿಡ್ತೀರಿ?”

“ಮತ್ತೆ ಯಾಕಮ್ಮ ಹೇಳ್ಲಿಲ್ಲ?”

“ನೀವೇ ಹೇಳ್ತೀರೇನೋ ಅಂತ ಕಾದೆ. ನಿಮ್ದು ಸ್ವಲ್ಪ ನಿಧಾನ, ಹಳೇ ಡಯಲಪ್ ಇಂಟರ್ನೆಟ್ ಥರ. ಜೂನ್‌ಗೆ ಆ ಶಾಲೇಲಿ ಮತ್ತೆ ಅರ್ಜಿ ಕರೀತಿದಾರೆ. ನನ್ ಹತ್ರ ಅಲ್ಲ ಸರ್, ಅಲ್ಲಿ ಹೋಗಿ ಹೇಳಿ.”

ಹೋದೆ. ಮಂಟಪದ ಆಫೀಸಿನಲ್ಲಿ ಅಡುಗೆಯವರೆಲ್ಲ ಕೂತಿದ್ದರು. ಅವರ ಮುಂದೆಯೇ ಹೇಳಿದೆ. ಯಜಮಾನರು ಕೈಯಲ್ಲಿದ್ದ ಬುಕಿಂಗ್ ಪುಸ್ತಕ ಮುಚ್ಚಿಟ್ಟರು.

“ಅಂಗಾದ್ರೆ ಇಷ್ಟ್ ದಿನ ನಿಮ್ಮಲ್ಲಿ ಯಾರು ಯಾರಿಗೆ ಪಾಠ ಏಳ್ಕೊಡ್ತಿದ್ರು ಮೇಷ್ಟ್ರೇ?”

ಅಡುಗೆಯವರು ನಕ್ಕರು.

ಜೂನ್‌ನಲ್ಲಿ ಮೇಡಂ ಶಾಲೆ ಸೇರಿದರು. ಸಂಜೆ ಬ್ಯಾಚು ನನಗೆ ಬಂತು. ಮೊದಲ ದಿನವೇ ಒಬ್ಬಾಕೆ ಎದ್ದು, “ಮೇಡಂ ಇನ್ಮೇಲೆ ಬರಲ್ವಾ ಸರ್?” ಎಂದು ಮುಖ ಸಣ್ಣದು ಮಾಡಿದಳು. ಬರಲ್ಲ, ಅವರು ಹೋಗಬೇಕಾದದ್ದು ಹೋದ ವರ್ಷವೇ, ನನ್ನಿಂದ ತಡವಾಯಿತು ಎಂದೆ. ಯಾಕೆ ಎಂದು ಎಲ್ಲರೂ ಕೇಳಿದರು. ಅಂದಿನ ಪಾಠ ಅದೇ ಆಯಿತು.