ಅವರ ಬದಲು ನಾನು ಸವಿದ ವೈನ್

ನನ್ನ ಗಂಡ ಗೋವೆಯ ಹೋಟೆಲೊಂದರಲ್ಲಿ ಇಪ್ಪತ್ತು ವರ್ಷ ಅತಿಥಿಗಳಿಗೆ ವೈನ್ ಬಡಿಸಿದವರು. ಗಂಟಲಿನ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಕೆಲಸ ಬಿಟ್ಟು ಖಾನಾಪುರದ ಮನೆಗೆ ಬಂದರು. ವಾರಕ್ಕೆ ಐದು ದಿನ ಬೆಳಗಾವಿಯ ಆಸ್ಪತ್ರೆಯಲ್ಲಿ ರೇಡಿಯೇಶನ್. ಮೂರನೆಯ ವಾರದ ಹೊತ್ತಿಗೆ ಅವರ ನಾಲಗೆ ಸತ್ತೇ ಹೋಗಿತ್ತು. ಗಂಜಿ ಕುಡಿದರೂ ಮಣ್ಣು ನೆಕ್ಕಿದಂತಾಗುತ್ತದೆ ಎನ್ನುತ್ತಿದ್ದರು.

ಒಂದು ದಿನ ಆಸ್ಪತ್ರೆಯಿಂದ ಬರುವಾಗ ಟಿಳಕವಾಡಿಯ ವೈನ್ ಅಂಗಡಿಯ ಮುಂದೆ ಆಟೋ ನಿಲ್ಲಿಸಿದರು.

"ಒಂದ್ ವೈಟ್ ವೈನ್ ಬಾಟ್ಲಿ ತಗೊಂಬಾ."

"ಡಾಕ್ಟರು ಬ್ಯಾಡ ಅಂದಾರಲ್ರಿ."

"ನನಗಲ್ಲ, ನಿನಗ. ನೀ ಕುಡದ್ ಹೇಳು, ನಾ ಕೇಳತೀನಿ."

ನನ್ನ ತವರಿನಲ್ಲಿ ಹೆಂಗಸರಿರಲಿ, ಗಂಡಸರೂ ಹೆಂಡ ಮುಟ್ಟಿದವರಲ್ಲ. ಸೆರಗು ಹೊದ್ದು ಅಂಗಡಿಗೆ ಹೋದೆ. ನಿಂತಿದ್ದ ಗಂಡಸರು ಮಾತು ನಿಲ್ಲಿಸಿ ದಾರಿ ಬಿಟ್ಟರು.

ಮಧ್ಯಾಹ್ನ ಅವರ ಮಂಚದ ಪಕ್ಕ ಕೂತು ಮೊದಲ ಗುಟುಕು ಕುಡಿದು, "ಹುಳಿ ಐತ್ರಿ" ಎಂದೆ.

ಅವರಿಗೆ ಸಿಟ್ಟು ಬಂತು. "ಹುಳಿಯೊಳಗ ಎಷ್ಟ್ ಥರಾ ಅದಾವು? ದಿನಾ ಅಡಗಿ ಮಾಡಾಕಿ ನೀ, ಗೊತ್ತಿಲ್ಲೇನು?"

ಆ ಮಾತಿನಿಂದಲೇ ನನಗೆ ದಾರಿ ಸಿಕ್ಕಿತು. ಇದು ಹುಣಸೆಯದಲ್ಲ, ಮಜ್ಜಿಗೆಯದೂ ಅಲ್ಲ. ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಬಿಡಬೇಕು, ತೀರ ತಣ್ಣಗಿದ್ದರೆ ವಾಸನೆ ಏಳುವುದಿಲ್ಲ ಎಂದರು. ಮೊದಲು ಮೂಗು, ಆಮೇಲೆ ಬಾಯಿ. ನುಂಗುವ ಮುಂಚೆ ನಾಲಗೆಯ ಮೇಲೆ ಹೊರಳಿಸಬೇಕು. ನುಂಗಿದ ಮೇಲೆ ದವಡೆಯ ಬದಿಯಲ್ಲಿ ನೀರೂರಿದರೆ ಹುಳಿ ಚೆನ್ನಾಗಿದೆ ಎಂದರ್ಥ. ನಾಲ್ಕನೆಯ ಮಧ್ಯಾಹ್ನ ಹೇಳಿದೆ: "ನಿಂಬಿಹಣ್ಣಿನ ಸಿಪ್ಪಿ ಉಗುರಿನಿಂದ ಗೀರಿದಾಗ ಬರೂ ವಾಸ್ನಿ. ಅದರ ಹಿಂದಿಂದ ಹಣ್ಣಾಗದ ಪ್ಯಾರಲಕಾಯಿ ವಾಸ್ನಿ."

ಅವರು ಕಣ್ಣು ಮುಚ್ಚಿದರು. ಸುಟ್ಟು ಕಪ್ಪಾಗಿದ್ದ ಗಂಟಲು ಏನನ್ನೋ ನುಂಗಿದಂತೆ ಮೇಲೆ ಕೆಳಗೆ ಆಡಿತು.

ಅದೇ ಹೊತ್ತಿಗೆ ನಂದಗಡದಿಂದ ಅವರ ಅಕ್ಕ ತಮ್ಮನನ್ನು ನೋಡಲು ಬಂದರು. ಬಾಗಿಲಲ್ಲೇ ನಿಂತು ನನ್ನ ಕೈಯಲ್ಲಿದ್ದ ಗ್ಲಾಸು ನೋಡಿದರು. ಇವರು ಕೈ ಎತ್ತಿ ಏನೋ ಹೇಳಹೋದರು. ಕೆಮ್ಮು ಬಂತು, ಕೆಮ್ಮಿನ ಜೊತೆ ರಕ್ತ. ನಾನು ಬಟ್ಟೆ ಹಿಡಿದು ಓಡಿದೆ. ತಿರುಗಿ ನೋಡಿದಾಗ ಅಕ್ಕ ಹೋಗಿಬಿಟ್ಟಿದ್ದರು.

ಆಮೇಲೆ ಅಕ್ಕ ಮತ್ತೆ ಬರಲಿಲ್ಲ. ತಿಂಗಳೊಳಗೆ ಇವರು ತೀರಿಕೊಂಡರು. ಕೊನೆಯ ವಾರದಲ್ಲಿ ದನಿ ಪೂರ್ತಿ ಹೋಗಿತ್ತು. ಅಕ್ಕನಿಗೆ ಹೇಳಬೇಕಾದ ಮಾತು ಅವರೊಳಗೇ ಉಳಿಯಿತು.

ಮೂರನೆಯ ದಿನ, ನೆರೆದವರ ಮುಂದೆ ಅಕ್ಕ ಅಂದರು: "ನನ್ನ ತಮ್ಮಗ ನೀರ್ ಸೈತ ಇಳೀತಿದ್ದಿಲ್ಲ. ಇಕಿ ಬಾಜೂಕ ಕುಂತು ಕುಡೀತಿದ್ಲು."

ಎಲ್ಲರೂ ನನ್ನ ಕಡೆ ನೋಡಿದರು. ಹೇಳಬಹುದಿತ್ತು. ಅವರೇ ಕೇಳಿದ್ದರು ಎಂದರೆ, ತೀರಿಹೋದವರ ಮೇಲೆ ತಪ್ಪು ಹಾಕುತ್ತಿದ್ದಾಳೆ ಎನ್ನುತ್ತಿದ್ದರು. ಅದಕ್ಕಿಂತಲೂ ನನ್ನ ಬಾಯಿ ಕಟ್ಟಿದ್ದು ಬೇರೆ ಮಾತು. ಕಡೆಕಡೆಗೆ ಆ ಮಧ್ಯಾಹ್ನಗಳಿಗಾಗಿ ನಾನೇ ಕಾಯುತ್ತಿದ್ದೆ. ಅವರಿಗೋಸ್ಕರ ಎಂದು ಶುರುವಾದ ಗುಟುಕು ನನಗೇ ರುಚಿಸತೊಡಗಿತ್ತು. ಅಕ್ಕ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಅಕ್ಕ ಈಗಲೂ ನಮ್ಮ ಮನೆಯಲ್ಲಿ ನೀರು ಮುಟ್ಟುವುದಿಲ್ಲ. ಎದುರು ಸಿಕ್ಕರೆ ನಾನೇ ಬೇರೆ ದಾರಿ ಹಿಡಿಯುತ್ತೇನೆ.